ಖಾಲಿ ಸಭಾಂಗಣದ ಚಪ್ಪಾಳೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಟ್ಟಡಗಳ ನಕ್ಷೆ ಬರೆಯುವವಳು. ದೆವ್ವಭೂತಗಳಿಗೆ ಎಂದೂ ತಲೆ ಕೆಡಿಸಿಕೊಂಡವಳಲ್ಲ.

ನಮ್ಮ ಬಡಾವಣೆಯ ಸಮುದಾಯ ಭವನದ ನಕ್ಷೆ ನನ್ನದೇ. ಕೆಲಸ ಮುಗಿದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿಯ ಜೊತೆ ನೋಡಲು ಹೋದೆ. ಹೊಸ ಸಭಾಂಗಣದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟುವುದು ನನ್ನ ರೂಢಿ. ಒಳಗೆ ಖಾಲಿಯಿದ್ದರೆ ಸದ್ದು ಗೋಡೆಗಳಿಗೆ ಬಡಿದು ತಿರುಗಿ ಬರುತ್ತದೆ. ಜನ ತುಂಬಿದ್ದರೆ ಅವರ ಮೈ, ಬಟ್ಟೆ ಅದನ್ನು ನುಂಗಿಬಿಡುತ್ತವೆ.

ತಟ್ಟಿದೆ. ಸದ್ದು ಅಂಗೈಯಲ್ಲೇ ಸತ್ತುಹೋಯಿತು. ಅಲ್ಲಿಗೆ ಕುರ್ಚಿಗಳು ಕೂಡ ಇನ್ನೂ ಬಂದಿರಲಿಲ್ಲ.

"ಏನ್ ಮೇಡಂ, ಜನ ತುಂಬಿರೋ ಹಾಲ್ ಥರ ಕೇಳ್ತಿದೆಯಲ್ಲ!" ಎಂದು ಮೇಸ್ತ್ರಿ ನಕ್ಕ. ಆ ನಗು ಅರ್ಧಕ್ಕೇ ನಿಂತಿತು. ಕಿಟಕಿಗಳೆಲ್ಲ ತೆರೆದಿದ್ದರೂ, ಬಹಳ ಹೊತ್ತು ಜನ ಒತ್ತೊತ್ತಾಗಿ ಕೂತ ಕೋಣೆಯ ಬಿಸಿಯುಸಿರು ನಮ್ಮ ಮುಖಕ್ಕೆ ತಾಗುತ್ತಿತ್ತು. ಹೊರಡುವಾಗ ಅವನು ಗೋಡೆಗೆ ಬೆನ್ನು ಒರಗಿಸಿ, ಅಡ್ಡಡ್ಡ ಸರಿಯುತ್ತಾ ಬಾಗಿಲಿಗೆ ನಡೆದ.

"ಯಾಕ್ರೀ ಹಾಗೆ?" ಎಂದೆ.

"ನಡುವೆ ದಾರಿ ಎಲ್ಲಿದೆ ಮೇಡಂ?" ಎಂದ.

ಉದ್ಘಾಟನೆಯ ದಿನ ಇಡೀ ಬಡಾವಣೆಯೇ ಬಂದಿತ್ತು. ಕಾಲಿಡಲೂ ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ತಾಯಿ, ಅವರ ತೊಡೆಯ ಮೇಲೆ ನನ್ನ ಪುಟ್ಟ ಮಗಳು.

"ಅಮ್ಮಾ, ಚಪ್ಪಾಳೆ ನೀನೇ ಮೊದ್ಲು ತಟ್ಬೇಕು!" ಎಂದಳು ಮಗಳು.

ತಟ್ಟಿದೆ. ಸದ್ದು ನಾಲ್ಕೂ ಗೋಡೆಗಳಿಗೆ ಬಡಿದು, ಖಾಲಿ ಸಭಾಂಗಣದಲ್ಲಿ ಬರಬೇಕಾದ ಹಾಗೆಯೇ, ಸ್ಪಷ್ಟವಾಗಿ ನನ್ನ ಬಳಿಗೆ ತಿರುಗಿ ಬಂತು.

ಮುಂದಿನ ಸಾಲಿನಲ್ಲಿ ಅವರಿಬ್ಬರೂ ನನ್ನನ್ನೇ ನೋಡಿ ನಗುತ್ತಿದ್ದರು.