ಪೆನ್ಸಿಲಿನ ನಲವತ್ತೊಂದು ಕಾರ್ಡು

"ನನ್ನ ಡಬ್ಬಿಗೆ ಕೈ ಹಾಕಿದ್ದು ಯಾರ್ರೀ?"

ನಿಘಂಟು ಕಚೇರಿಯ ಹತ್ತು ತಲೆಗಳೂ ಒಮ್ಮೆಲೇ ಮೇಲೆದ್ದವು. ಕೂಗಿದವಳ ಕೈಯಲ್ಲಿದ್ದ ಮರದ ಡಬ್ಬಿ ಅರ್ಧ ಖಾಲಿ! ಇಂಗ್ಲಿಷಿನ 'ಸೆಟ್' ಎಂಬ ಮೂರಕ್ಷರದ ಪದಕ್ಕೆ ನಾಲ್ಕು ತಿಂಗಳು ಕೂತು ಅರ್ಥ ಬರೆದಿದ್ದಳು. ಸೂರ್ಯ ಮುಳುಗಿದರೂ ಸೆಟ್, ಸಿಮೆಂಟು ಗಟ್ಟಿಯಾದರೂ ಸೆಟ್, ಮುರಿದ ಮೂಳೆ ಕೂಡಿಸಿದರೂ ಸೆಟ್, ಆರು ಬಟ್ಟಲು ಸೇರಿದರೂ ಸೆಟ್. ಅರ್ಥಕ್ಕೊಂದು ಕಾರ್ಡು.

"ನಾನೇ ರೀ..."

ಮೂಲೆಯ ಮೇಜಿನಿಂದ ಎದ್ದವನು ಪದಗಳ ಮೂಲ ಹುಡುಕುವವನು. ಬಂದು ಎರಡೇ ವಾರವಾಗಿತ್ತು. ಆಗಲೇ ಎಲ್ಲರ ಬಾಯಲ್ಲೂ ಅವನು 'ಬೇರು'.

"ಸ್ವಲ್ಪ ಹೊರಗೆ ಬರ್ತೀರಾ? ನಿಮಗೊಬ್ಬರಿಗೇ ಹೇಳ್ಬೇಕಿತ್ತು."

"ಕದಿಯೋದೂ ಅಲ್ದೆ ಗುಟ್ಟು ಮಾತು! ಎಲ್ಲರ ಮುಂದೆ ಹೇಳಿ, ಕಳ್ಳತನಕ್ಕೆ ನಾಚಿಕೆ ಯಾಕೆ?"

ಅವನು ಒಮ್ಮೆ ಎಲ್ಲರನ್ನೂ ನೋಡಿದ. ನಂತರ ತಲೆ ತಗ್ಗಿಸಿ, "ತಪ್ಪಾಯ್ತು," ಎಂದಷ್ಟೇ ಅಂದ.

ಮಧ್ಯಾಹ್ನದೊಳಗೆ ಸಂಪಾದಕರು ಅವನನ್ನು ನೆಲಮಾಳಿಗೆಯ ಕರಡು ತಿದ್ದುವ ಕೋಣೆಗೆ ಕಳಿಸಿದರು.

ಸಂಜೆ ಟೈಪಿಸ್ಟ್ ಅಕ್ಕ ಇನ್ನೊಂದು ಡಬ್ಬಿ ತಂದಿಟ್ಟಳು. "ಬೇರು ನಿನಗೆ ಕೊಡೋಕೆ ಹೇಳ್ದ ಕಣೇ."

ಒಳಗೆ ಕಾಣೆಯಾಗಿದ್ದ ಅವಳದೇ ನಲವತ್ತೊಂದು ಕಾರ್ಡು! ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನ ಸಣ್ಣ ಅಕ್ಷರ. ಮೊದಲನೆಯದರಲ್ಲಿ ಹೀಗಿತ್ತು:

'ಇದು ಒಂದು ಪದವಲ್ಲ, ಎರಡು. ಒಂದು "ಕೂರಿಸು" ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯೆಯಿಂದ ಬಂದದ್ದು. ಇನ್ನೊಂದು, ಗುಂಪು ಎಂಬ ಅರ್ಥದ್ದು, ಲ್ಯಾಟಿನ್ನಿನಿಂದ ಫ್ರೆಂಚ್ ದಾರಿ ಹಿಡಿದು ಬಂದದ್ದು. ಸೋಮವಾರದ ಸಭೆಯಲ್ಲಿ ಯಾರಾದರೂ ಎತ್ತಿ ಆಡುವ ಮೊದಲು ನೀವೇ ತಿದ್ದಿಕೊಳ್ಳಿ. ಇದನ್ನು ಅಳಿಸಿ, ಮಸಿಯಲ್ಲಿ ಬರೆಯಿರಿ.'

ಡಬ್ಬಿಯ ಮೂಲೆಯಲ್ಲಿ ಒಂದು ಹೊಸ ರಬ್ಬರು.

ಆ ಕಚೇರಿಯಲ್ಲಿ ಪೆನ್ಸಿಲಿನ ಬರಹ ಯಾರದೂ ಅಲ್ಲ. ಮಸಿಯಲ್ಲಿ ಬರೆದವರು ಮಾತ್ರ ಕಾರ್ಡಿನ ತುದಿಗೆ ತಮ್ಮ ಗುರುತು ಹಾಕಬೇಕು.

ಅವಳು ಅಳಿಸಿದಳು. ಮಸಿಯಲ್ಲಿ ಬರೆದಳು. ತನ್ನ ಗುರುತೇ ಹಾಕಿದಳು...

ಸೋಮವಾರ ಸಂಪಾದಕರು ಕಾರ್ಡು ಎತ್ತಿ ಹಿಡಿದರು. "ಎರಡು ಮೂಲ! ಎಂಥ ಕಣ್ಣಮ್ಮಾ ನಿಂದು!"

ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಅವನೇ!

ಅವಳ ಕಿವಿ ಸುಟ್ಟಂತಾಯಿತು. ಅಯ್ಯೋ, ಕಳ್ಳ ಅಂದೆನಲ್ಲ... ಕಳ್ಳಿ ಯಾರು ಈಗ?

ಎರಡು ದಿನ ಊಟ ಸೇರಲಿಲ್ಲ. "ಹೊಗಳಿಸಿಕೊಂಡವರ ಮುಖ ಹೀಗಿರುತ್ತೇನೇ?" ಎಂದು ಅಕ್ಕ ಗಲ್ಲ ಹಿಡಿದು ಕೇಳಿದಾಗ ಅಳು ಉಕ್ಕಿ ಬಂತು.

ಮಾರನೆಯ ದಿನ ನಲವತ್ತೊಂದನ್ನೂ ಹೊಸದಾಗಿ ಬರೆದು, ಮೂಲದ ಸಾಲಿಗೆಲ್ಲ ಅವನ ಗುರುತು ಹಾಕಿ, ಸಂಪಾದಕರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ತೆಗೆದರು.

"ಅವನನ್ನ ಕಳ್ಳ ಅಂದಿದ್ದು ಎಲ್ಲಿ?"

"ಎಲ್ಲರ ಮುಂದೆ..."

"ಹಾಗಾದ್ರೆ ಇದನ್ನೂ ಅಲ್ಲೇ ಹೇಳಮ್ಮ."

ಹೇಳಿದಳು. ಅಲ್ಲಿದ್ದ ಅಷ್ಟೂ ತಲೆಗಳ ಮುಂದೆ, ಒಂದನ್ನೂ ಬಿಡದೆ. ಅಕ್ಕ ಒಂದು ಲೋಟ ನೀರು ಮುಂದೆ ಸರಿಸಿದಳು.

ಆಮೇಲೆ ನೆಲಮಾಳಿಗೆಯ ಮೆಟ್ಟಿಲಿಳಿದಳು. ಸವೆದ ರಬ್ಬರನ್ನು ಅವನ ಅಂಗೈಗಿಟ್ಟಳು. ತಲೆ ಎತ್ತಲಾಗಲಿಲ್ಲ.

"ನಿಮ್ಮನ್ನ ಮತ್ತೆ ಮೇಲಕ್ಕೆ ಕರೀತಿದಾರೆ... ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಪೆನ್ಸಿಲಲ್ಲಿ ಬರೆದಿಟ್ಕೊಂಡಿದ್ದೆ."

ಅವಳು ಅಳುತ್ತಲೇ ನಕ್ಕಳು.

"ಅವತ್ತು ಹೊರಗೆ ಕರೆದಿದ್ದು ಬರೀ ಕಾರ್ಡಿನ ಮಾತಿಗಲ್ಲ ರೀ," ಅವನ ದನಿ ತಗ್ಗಿತು. "ಇನ್ನೊಂದು ಮಾತಿತ್ತು. ಅದನ್ನ ಮಸಿಯಲ್ಲೇ ಬರೀಬೇಕು ಅಂತಿದೀನಿ. ನೀವು ಅಳಿಸಲ್ಲ ತಾನೇ?"

"ಹೇಗೆ ಅಳಿಸ್ಲಿ?" ಅವಳು ಮೊದಲ ಬಾರಿಗೆ ಕಣ್ಣೆತ್ತಿ ಅವನನ್ನು ನೋಡಿದಳು. "ರಬ್ಬರು ನಿಮ್ಮ ಕೈಲೇ ಇದೆಯಲ್ಲ..."