ಕೆಂಪಿನೊಳಗಿನ ಉಸಿರು

"ಇಲವಾಲದಿಂದ ಬೆಟ್ಟಮ್ಮ ಅಂತ ಒಬ್ಬಳು ಆಗಾಗ ಬರ್ತಾಳೆ. ಕೆಂಪು ಕಲ್ಲಿನ ಪದಕ ತರ್ತಾಳೆ. ನಮಗೆ ಬೇಡ ಅಂತ ಹೇಳಿ ಕಳಿಸ್ಬುಡು. ಕಲ್ಲು ಹಂಗದೆ ಹಿಂಗದೆ ಅಂತ ಬಾಯಿ ಬಿಡಬೇಡ. ತಿಳೀತೇನೋ?"

ಅಶೋಕ ರಸ್ತೆಯ ತನ್ನ ಒಡವೆ ಅಂಗಡಿಯಲ್ಲಿ ದೇವರಪಟಕ್ಕೆ ಊದುಬತ್ತಿ ಹಚ್ಚುತ್ತ ನಂಜುಂಡಸ್ವಾಮಿ ಈ ಮಾತು ಹೇಳಿದಾಗ, ಅಕ್ಕನ ಮಗ ದೊರೆಸ್ವಾಮಿ ಗಾಜಿನ ಪೆಟ್ಟಿಗೆಯಿಂದ ತನ್ನ ಹೊಸ ಭೂತಗನ್ನಡಿಯನ್ನು ತೆಗೆದು ಒರೆಸುತ್ತಿದ್ದ.

"ಯಾಕೆ ಮಾವ, ಪದಕ ಕಚ್ತದಾ?"

"ಮಾಟ ಮಾಡ್ಸವ್ಳೆ."

ದೊರೆಸ್ವಾಮಿ ಗಟ್ಟಿಯಾಗಿ ನಕ್ಕ. "ಕೆಂಪು ಅಂದ್ರೆ ಅಲ್ಯೂಮಿನಿಯಂ ಆಕ್ಸೈಡು ಮಾವ. ನಮ್ಮತ್ತೆ ಅನ್ನ ಮಾಡೋ ಪಾತ್ರೆಗೆ ಅದು ಖಾಸಾ ನೆಂಟ. ಅದಕ್ಕೆಲ್ಲ ಮಾಟ ಹತ್ತಲ್ಲ."

ನಂಜುಂಡಸ್ವಾಮಿ ನಗಲಿಲ್ಲ. "ನಿನ್ನ ಕಣ್ಣು ನಂಬ್ಕೊಂಡು ಅಂಗಡಿ ಬುಟ್ಟುಕೊಡ್ತಾ ಇದೀನಿ ಕಣೋ. ಆ ಕಣ್ಣು ಹೋದ್ರೆ ನಿಂಗೆ ಬೇರೇನೂ ಇಲ್ಲ. ಜೋಪಾನ."

ಅದು ನಿಜವೇ ಆಗಿತ್ತು. ತಂದೆಯಿಲ್ಲದ ದೊರೆಸ್ವಾಮಿಯನ್ನು ಬೆಂಗಳೂರಿನಲ್ಲಿ ಭೂವಿಜ್ಞಾನ ಓದಿಸಿದ್ದು ಈ ಮಾವ. ಮುಂಬಯಿಯ ಹರಳಿನ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಕಳಿಸಿದ್ದೂ ಈ ಮಾವನೇ. ಹೊಲ ಮನೆ ಏನೂ ಇಲ್ಲದ ಆ ಹುಡುಗ ಮೈಸೂರಿಗೆ ಹೊತ್ತು ತಂದಿದ್ದು ತನ್ನ ಎರಡು ಕಣ್ಣುಗಳನ್ನು ಮಾತ್ರ.

ಅಂಗಡಿಯಲ್ಲಿ ಹಳೆಯ ಒಡವೆ ಕೊಟ್ಟು ಹೊಸದು ಕೊಳ್ಳುವವರೇ ಹೆಚ್ಚು. ಅಂಥ ವಿನಿಮಯದಲ್ಲಿ ಚಿನ್ನಕ್ಕೆ ಮಾತ್ರ ಲೆಕ್ಕ. ಕಲ್ಲನ್ನೂ ಅದರ ಹಿಂದೆ ತುಂಬಿದ ಅರಗನ್ನೂ ತೂಕದಿಂದ ಕಳೆಯುವುದು ಪದ್ಧತಿ. ಕಲ್ಲು ಅಸಲಿಯಾಗಿದ್ದರೆ? ಅದನ್ನು ನೋಡಿ ಹೇಳುವವನು ಅಂಗಡಿಯವನೇ. ಅಸಲಿ ಎಂದು ಅವನು ಹೇಳಿದ ಉದಾಹರಣೆ ಕಡಿಮೆ.

ಮಾವ ನಂಜನಗೂಡಿಗೆ ಹೋಗಿದ್ದ ದಿನ ಬೆಟ್ಟಮ್ಮ ಬಂದಳು. ಒಣಗಿದ ಕಡ್ಡಿಯಂಥ ಮುದುಕಿ. ಸೆರಗಿನ ಗಂಟು ಬಿಚ್ಚಿ ಪದಕವನ್ನು ಮರದ ಮಣೆಯ ಮೇಲಿಟ್ಟಳು. ಅಂಗೈ ಅಗಲದ ಹಳೆಯ ಕೆಲಸ, ಬೆನ್ನು ಮುಚ್ಚಿದ್ದು, ನಡುವೆ ಹುಣಸೆ ಬೀಜದಷ್ಟು ದಪ್ಪನೆಯ ಒಂದೇ ಕೆಂಪು. ಅರಿಸಿನದ ವಾಸನೆಯ ಕೆಳಗೆ ಮತ್ತೊಂದು ವಾಸನೆಯಿತ್ತು. ಪಾಚಿ. ಬಿಸಿಲು ಕಾಣದ ನೀರಿನದು.

"ಮೊಮ್ಮಗಳಿಗೆ ಬಳೆ ಬೇಕಪ್ಪ. ಇದ್ನ ತಗೊಂಡು ಕೊಡಿ."

ಬೇಡ ಎಂದು ಹೇಳಲು ದೊರೆಸ್ವಾಮಿ ಬಾಯಿ ತೆರೆದವನು ಆ ಬಣ್ಣ ನೋಡಿ ಕೈ ಚಾಚಿದ. ಪದಕ ಹಿಡಿದು, ಕಲ್ಲು ನೋಡಲೆಂದೇ ಕಿಟಕಿ ಮುಚ್ಚಿ ಮಾಡಿದ್ದ ಒಳಕೋಣೆಗೆ ಹೋದ. ಕತ್ತಲಲ್ಲಿ ಟಾರ್ಚು ಹಾಕಿ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿದ. ಕಾರ್ಖಾನೆಯ ಕೆಂಪಾಗಿದ್ದರೆ ಒಳಗೆ ಗ್ರಾಮಫೋನ್ ತಟ್ಟೆಯ ಗೀರುಗಳಂತೆ ಬಾಗಿದ ಗೆರೆಗಳಿರಬೇಕು, ದುಂಡನೆಯ ಗಾಳಿಗುಳ್ಳೆಗಳಿರಬೇಕು. ಇಲ್ಲಿ ಅದೊಂದೂ ಇರಲಿಲ್ಲ. ರೇಷ್ಮೆಯಂಥ ನೇರ ಎಳೆಗಳು ಒಂದನ್ನೊಂದು ಹಾದು ಹೋಗಿದ್ದವು. ಬರ್ಮಾದ ಕಲ್ಲು. ಮುಂಬಯಿಯಲ್ಲೂ ಅವನು ಇಂಥದ್ದನ್ನು ಒಮ್ಮೆ ಮಾತ್ರ, ಅದೂ ದೂರದಿಂದ, ನೋಡಿದ್ದ.

ಹೊರಗೆ ಬರುವಷ್ಟರಲ್ಲಿ ಮುಖ ಸಪ್ಪೆ ಮಾಡಿಕೊಂಡಿದ್ದ.

"ಕಾರ್ಖಾನೆ ಕಲ್ಲು ಕಣಮ್ಮ. ಚಿನ್ನಕ್ಕೆ ಮಾತ್ರ ಲೆಕ್ಕ."

"ಇನ್ನೊಂದ್ ಸಲ ಯೋಳಪ್ಪ. ಕಿವಿ ಮಂದ."

"ಸುಳ್ಳು ಕಲ್ಲು ಅಂದೆ."

"ಕಣ್ಣಾರೆ ನೋಡ್ದಾ?"

"ಕಣ್ಣಾರೆ ನೋಡಿದೆ."

ಮುದುಕಿ ಅವನ ಕಣ್ಣುಗಳನ್ನೇ ನೋಡಿದಳು, ಕೊಳ್ಳುವವರು ಒಡವೆ ನೋಡುವ ಹಾಗೆ. ಕೊಟ್ಟ ತೆಳು ಬಳೆಗಳನ್ನು ತಿರುಗಿಸಿಯೂ ನೋಡದೆ ಗಂಟು ಹಾಕಿಕೊಂಡಳು. "ಒಳ್ಳೇದಾಯ್ತು ಬುಡಿ," ಎಂದು ಮೆಟ್ಟಿಲಿಳಿದಳು.

ಮಾರನೆಯ ಬೆಳಿಗ್ಗೆ ಅದು ಶುರುವಾಯಿತು. ಗಿರಾಕಿಯೊಬ್ಬರ ಪಚ್ಚೆಯುಂಗುರದಲ್ಲಿ ಗುಳ್ಳೆ ಕಂಡಿತು. ಗಾಜು ಎಂದುಕೊಂಡ. ಆಮೇಲೆ ಅಂಗಡಿಯದೇ ನೀಲದಲ್ಲಿ, ಗೋಮೇಧಿಕದಲ್ಲಿ, ತಾನೇ ಹೋದ ವಾರ ಅಸಲಿ ಎಂದು ಬೇರೆಯಿಟ್ಟಿದ್ದ ಪ್ರತಿಯೊಂದು ಹರಳಿನಲ್ಲಿ. ದೊರೆಸ್ವಾಮಿ ಹೆದರಲಿಲ್ಲ. ನೀಲವನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿ ಸಾಂದ್ರತೆ ತೆಗೆದ. ತಕ್ಕಡಿ ಅಸಲಿ ಎಂದಿತು. ಕಣ್ಣು ಸುಳ್ಳು ಎಂದಿತು. ಕಣ್ಣಿಗೆ ಆಯಾಸ, ಅಷ್ಟೆ. ಮತ್ತೆ ಭೂತಗನ್ನಡಿ ಹಿಡಿದ.

ಗುಳ್ಳೆ ಕದಲಿತು.

ಗಾಜಿನೊಳಗಿನ ಗುಳ್ಳೆ ಕದಲುವುದಿಲ್ಲ. ಅದು ಕರಗಿದಾಗ ಸಿಕ್ಕಿಬಿದ್ದ ಗಾಳಿ. ಯುಗ ಕಳೆದರೂ ಅಲ್ಲೇ ಇರುತ್ತದೆ. ಇದು ಕಲ್ಲಿನ ತಳದಿಂದ ಮೆಲ್ಲಗೆ ಮೇಲೇರಿತು. ಹಿಂದೆ ಇನ್ನೊಂದು. ಅದರ ಹಿಂದೆ ಸಣ್ಣ ಸಣ್ಣವು, ಅವಸರದಲ್ಲಿ, ಯಾರೋ ಕೊನೆಯ ಉಸಿರನ್ನು ಕೈಬಿಡುತ್ತಿರುವಂತೆ.

ಸಂಜೆಯ ಹೊತ್ತಿಗೆ ಭೂತಗನ್ನಡಿಯೇ ಬೇಕಾಗಲಿಲ್ಲ. ಎದುರು ನಿಂತ ಗಿರಾಕಿಯ ಕಣ್ಣುಗುಡ್ಡೆಗಳೊಳಗೆ ಗುಳ್ಳೆಗಳು ಏಳುತ್ತಿದ್ದವು. ಜಯಲಕ್ಷ್ಮಿಪುರಂನ ಮನೆಯಲ್ಲಿ ತಟ್ಟೆಗೆ ಅನ್ನ ಬಡಿಸುತ್ತಿದ್ದ ಅತ್ತೆ ಸುಂದರಮ್ಮನ ಮುಖ ಗಾಜಿನ ಹಾಗೆ ಪಾರದರ್ಶಕವಾಗಿ, ಒಳಗೆ ಹಸಿರು ನೀರು ತುಳುಕುತ್ತಿತ್ತು. "ಯಾಕೋ ದೊರೆ, ಹಾಗೆ ನೋಡ್ತೀಯ?" ಎಂದಳು. ಅವಳ ಮಾತು ನೀರೊಳಗಿಂದ ಬಂದಂತೆ ಕೇಳಿಸಿತು.

ನಂಜನಗೂಡಿನಿಂದ ಮರಳಿದ ಮಾವ ಪೆಟ್ಟಿಗೆಯಲ್ಲಿ ಪದಕ ಕಂಡವನೇ ಅಂಗಡಿಯ ಬಾಗಿಲು ಎಳೆದುಕೊಂಡ.

"ಏನಂದೆ? ಅವಳಿಗೆ ಏನಂದೆಯೋ?"

"ಸುಳ್ಳು ಕಲ್ಲು ಅಂದೆ."

"ನಾನೂ ಅದನ್ನೇ ಅಂದಿದ್ದೆ," ಎಂದ ನಂಜುಂಡಸ್ವಾಮಿ, ನೆಲ ನೋಡುತ್ತ. "ಅವಳ ಮಗಳು ಚೆಲುವಿ ಮದುವೇಲಿ ಇದನ್ನ ತಂದಿದ್ಲು. ಗಂಡಿನ ಕಡೆಯೋರು ಪರೀಕ್ಷೆ ಮಾಡ್ಸೋಕೆ ನನ್ನ ಹತ್ರ ತಂದ್ರು. ಸುಳ್ಳು ಅಂದ್ರೆ ನನಗೇ ಅಗ್ಗಕ್ಕೆ ಮಾರ್ತಾರೆ ಅಂದ್ಕೊಂಡೆ. ಅವರು ಮಾರ್ಲಿಲ್ಲ. ಆ ಹೆಣ್ಣಿನ ಮೂತಿಗೆ ಎಸೆದು, ಕಳ್ಳರ ಮನೆಯೋಳು ಅಂದ್ರು. ಅಸಲಿ ಅಂತ ಅವಳು ಎಷ್ಟು ಬಡ್ಕೊಂಡ್ರೂ ಯಾರೂ ನಂಬಲಿಲ್ಲ. ಬಾವಿಗೆ ಬಿದ್ಲು."

ದೊರೆಸ್ವಾಮಿ ಪದಕ ತೆಗೆದುಕೊಂಡು ಇಲವಾಲಕ್ಕೆ ಹೋಗುವ ಹುಣಸೂರು ಬಸ್ಸು ಹತ್ತಿದ. ಕಿಟಕಿಯಾಚೆ ಗದ್ದೆಗಳೂ ಮರಗಳೂ ನೀರಡಿಯಲ್ಲಿದ್ದಂತೆ ಓಲಾಡುತ್ತಿದ್ದವು. ಎದೆಯಲ್ಲಿ ಏನೋ ಗುಳುಗುಳು ಎನ್ನುತ್ತಿತ್ತು. ಕೆಮ್ಮಿದರೆ ಅಂಗೈ ಒದ್ದೆಯಾಗುತ್ತಿತ್ತು. ಪಾಚಿಯ ವಾಸನೆ.

ಬೆಟ್ಟಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು, ಅವನಿಗಾಗಿಯೇ ಕಾದಂತೆ.

"ಕಲ್ಲು ನಿಜ ಕಣಮ್ಮ," ಎಂದು ಅವನು ಪದಕವನ್ನು ಅವಳ ಮುಂದಿಟ್ಟ. "ಬರ್ಮಾದ್ದು. ತಗೊಂಡುಬಿಡಿ. ನನ್ನ ಕಣ್ಣು ವಾಪಸ್ ಕೊಡಿ."

"ಅವತ್ತೇ ನಿಜ ಯೋಳಿದ್ರೆ ಏನೂ ಆಗ್ತಿರ್ನಿಲ್ಲ ಕಣಪ್ಪ. ನಿಜ ಯೋಳೋರ್ಗೆ ಅದು ಬರೀ ಒಡವೆ. ಮಾಟದೋನು ಅಂಗೇ ಕಟ್ಟವ್ನೆ. ಅರಗಿನೊಳ್ಗೆ ಅವಳ ಕೂದ್ಲದೆ, ಆ ಬಾವಿ ಮಣ್ಣದೆ." ಅವಳು ಎದ್ದಳು. "ನಂಗೆ ಯೋಳಿ ಏನ್ ಬಂತು? ಅವಳಿಗೆ ಯೋಳು ಬಾ."

ಚೆಲುವಿ ಬಿದ್ದ ಬಾವಿ ಹೊಲದ ಮೂಲೆಯಲ್ಲಿತ್ತು. ನಡುಮಧ್ಯಾಹ್ನದ ಬಿಸಿಲು ಅದರ ಬಾಯಿಯ ತನಕ ಬಂದು ನಿಂತುಬಿಟ್ಟಿತ್ತು. ಒಳಗೆ ಕತ್ತಲೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ದೊರೆಸ್ವಾಮಿ ಕಟ್ಟೆ ಹಿಡಿದು ಬಗ್ಗಿದ.

"ಕಲ್ಲು ನಿಜ! ಚೆಲುವಮ್ಮ, ನಿನ್ನ ಕಲ್ಲು ನಿಜ!"

ಆಳದಲ್ಲಿ ಒಂದು ಗುಳ್ಳೆ ಒಡೆದ ಸದ್ದು.

"ಸುಳ್ಳು ಅಂತ ಮೊದಲು ಅಂದೋನು ಯಾರು? ಅದ್ನೂ ಯೋಳು," ಎಂದಳು ಬೆಟ್ಟಮ್ಮ, ಅವನ ಕಿವಿಯ ಬಳಿ.

"ನಿಮಗೆ ಗೊತ್ತಲ್ಲ?"

"ನಂಗೊತ್ತು. ಅವಳಿಗೆ ಗೊತ್ತಿಲ್ಲ. ಅವನ ರಕ್ತದೋರ ಬಾಯಲ್ಲೇ ಹೆಸ್ರು ಬರಬೇಕು. ಅದಕ್ಕೇ ಇಷ್ಟು ವರ್ಷ ಆ ಅಂಗಡಿ ಮೆಟ್ಟಿಲು ಸವೆಸಿದ್ದು."

ದೊರೆಸ್ವಾಮಿ ಹಿಂದೆ ಸರಿಯಲು ನೋಡಿದ. ಕೈ ಕಟ್ಟೆಗೆ ಅಂಟಿತ್ತು. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಸರೆಯ ಆನೆ ತೋರಿಸಿದ ಮಾವ. ಕಾಲೇಜಿಗೆ ಸೇರಿಸಿದ ಮಾವ. ಹೇಳುವುದಿಲ್ಲ ಎಂದುಕೊಂಡ. ಎದೆಯೊಳಗಿನ ನೀರು ಮೂಗಿಗೆ ಏರಿತು. ಉಸಿರಿಲ್ಲ. ಕಣ್ಣಿನ ಅಂಚಿನಿಂದ ಕತ್ತಲೆ ಒಳಕ್ಕೆ ಬಂತು. ಹೇಳುವುದಿಲ್ಲ. ಗಂಟಲು ತುಂಬಿತು. ಬಿಸಿಲು ಆರಿತು. ಏನೂ ಕಾಣಲಿಲ್ಲ.

"ನಂಜುಂಡಸ್ವಾಮಿ."

ಬಾವಿ ಆ ಹೆಸರನ್ನು ಹಿಂದಕ್ಕೆ ಕೊಡಲಿಲ್ಲ. ಇಟ್ಟುಕೊಂಡಿತು.

ಉಸಿರು ಬಂತು. ಬೆಳಕು ಬಂತು. ಪ್ರತಿ ಹುಲ್ಲುಕಡ್ಡಿ ಬೇರೆ ಬೇರೆಯಾಗಿ, ಕಂಡರಿಯದಷ್ಟು ಸ್ಪಷ್ಟವಾಗಿ ಕಂಡಿತು.

"ನಿನ್ ಕಣ್ಣು ನೀನೇ ಮಡಿಕ್ಕೊ," ಎಂದಳು ಬೆಟ್ಟಮ್ಮ. "ಆದ್ರೆ ಇನ್ಮೇಲೆ ಯಾವ ಕಲ್ಲಿನ ಮುಂದಾದ್ರೂ ಆ ಬಾಯಲ್ಲಿ ಸುಳ್ಳು ಬಂತೋ, ಬಾವಿ ನೀರು ಬರ್ತದೆ."

ಅವನು ಮೈಸೂರಿಗೆ ಮರಳಿದಾಗ ಅಂಗಡಿಯ ಮುಂದೆ ಜನ ಸೇರಿದ್ದರು. ನಂಜುಂಡಸ್ವಾಮಿ ಗಾದಿಯ ಮೇಲೆ ಕೂತಲ್ಲೇ ಸತ್ತಿದ್ದ. ಪಂಚೆ ಒಣಗಿಯೇ ಇತ್ತು. ಮಲಗಿಸಲು ಹೋದಾಗ ಬಾಯಿಂದ ನೀರು ಸುರಿಯಿತು, ಹಸಿರು ನೀರು, ನಿಲ್ಲದೆ. ಡಾಕ್ಟರು ಹೃದಯ ನಿಂತಿತು ಎಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ದಾಯಾದಿಗಳು ಅಂಗಡಿಗೆ ಬೀಗ ಹಾಕಿದರು, ಮನೆಯೂ ತಮ್ಮದೇ ಎಂದರು. ಆ ಮಧ್ಯಾಹ್ನ ಸುಂದರಮ್ಮ ನಡುಮನೆಯಲ್ಲಿ ದೊರೆಸ್ವಾಮಿಯ ಎದುರು ಕೂತಳು. ಕಿವಿ ಬೋಳಾಗಿತ್ತು. ಅಂಗೈಯಲ್ಲಿ ವಜ್ರದ ಓಲೆಗಳಿದ್ದವು.

"ನಮ್ಮಪ್ಪ ಕೊಟ್ಟದ್ದು ದೊರೆ. ನಿಮ್ಮ ಮಾವ ಒಂದು ಸಲ ಪಾಲಿಷ್ ಹಾಕಿಸಿಕೊಟ್ಟಿದ್ದು ಬಿಟ್ರೆ ನನ್ನ ಕಿವಿ ಬಿಟ್ಟಿಲ್ಲ. ಇದು ಇರೋತನಕ ನಾನು ಯಾರ ಬಾಗಿಲಿಗೂ ಹೋಗಬೇಕಿಲ್ಲ. ನೋಡಿ ಹೇಳಪ್ಪ."

"ಆಮೇಲೆ ನೋಡೋಣ ಅತ್ತೆ."

"ಈಗಲೇ ನೋಡು. ನಿನ್ನ ಬಿಟ್ರೆ ಇನ್ಯಾರನ್ನ ನಂಬಲಿ?"

ಅವನು ಓಲೆಯ ಮೇಲೆ ಮೆಲ್ಲಗೆ ಊದಿದ. ವಜ್ರದ ಮೇಲೆ ಉಸಿರಿನ ಮಂಜು ನಿಲ್ಲುವುದಿಲ್ಲ. ಕೂತ ಕ್ಷಣಕ್ಕೇ ಹಾರಿಹೋಗುತ್ತದೆ.

ಮಂಜು ನಿಂತಿತು.

ಇನ್ನೊಂದು ಓಲೆಯ ಮೇಲೂ ನಿಂತಿತು. ಗಾಜು. ಹಿಂದೆ ಹೊಳಪಿಗೆ ಅಂಟಿಸಿದ ಬೇಗಡೆ ಹಾಳೆ. ಪಾಲಿಷ್ ಹಾಕಿಸಿದವನ ಕೆಲಸ.

"ನಿಜವಾದ..." ಎಂದು ಶುರು ಮಾಡಿದ. ಗಂಟಲಲ್ಲಿ ತಣ್ಣಗೆ ಏನೋ ಎದ್ದಿತು. ನೋಟದ ಅಂಚು ಕಪ್ಪಾಯಿತು.

"ಸುಳ್ಳು ಕಲ್ಲು, ಅತ್ತೆ."

"ನಮ್ಮಪ್ಪ ನನಗೆ ಗಾಜು ಕೊಟ್ನಾ?"

"ಅಪ್ಪ ಅಲ್ಲ."

ಸುಂದರಮ್ಮ ಓಲೆಗಳನ್ನು ನೆಲದ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡು, ಒಲೆಯ ಮೇಲೆ ಏನೋ ಮರೆತವಳಂತೆ ಎದ್ದು ಒಳಗೆ ಹೋದಳು. ಹಿತ್ತಿಲ ಬಾಗಿಲು ತೆರೆದ ಸದ್ದು. ಹೊರಗಿನಿಂದ ಚಿಲಕ ಬಿದ್ದ ಸದ್ದು.

ಹಿತ್ತಿಲಲ್ಲಿ ಇದ್ದದ್ದು ಬಾವಿಯೊಂದೇ.

ಅವನು ಓಡಿದ. ಬಾಗಿಲಿಗೆ ಹೆಗಲು ಕೊಟ್ಟ. ಅಲುಗಲಿಲ್ಲ. ಮುಷ್ಟಿಯಿಂದ ಬಡಿದ. ಆಚೆ ಹೆಜ್ಜೆಗಳು ದೂರವಾಗುತ್ತಿದ್ದವು. ಹೇಳಲು ಸುಳ್ಳು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಕಣ್ಣು ಹೋಗಲಿ. ಜೀವ ಹೋಗಲಿ. ಎದೆ ತುಂಬ ಉಸಿರೆಳೆದುಕೊಂಡ.

"ವಜ್ರ ಅತ್ತೆ! ಅಸಲಿ ವಜ್ರ! ನಾನು ತಪ್ಪು..."

ಕೂಗು ಹಲಗೆಯನ್ನು ದಾಟಲಿಲ್ಲ. ಬಾಯಿಂದ ಬಂದದ್ದು ನೀರು.