ನಾಲ್ಕು ಪೌಂಡ್ ಗಾಳಿ

ಬೆಳಗಿನ ಆರೂವರೆಗೆ ಟೈರಂಗಡಿ ಹ್ಯಾಲ್ಟಿ ನದಿಯ ತಿರುವಿಗೆ ಬಂದಾಗ ಹಿಮದಲ್ಲಿ ಸಿಕ್ಕವರನ್ನು ಕಾಪಾಡುವ ರಕ್ಷಣಾ ದಳದ ಹೊಸ ಟ್ರಕ್ಕು ಕೆಸರಿನಲ್ಲಿ ಮೂತಿ ಊರಿ ಮಲಗಿತ್ತು. ಒಳಗೆ ಯಾರೂ ಇರಲಿಲ್ಲ. ಮುಂದಿನ ಎರಡೂ ಟೈರುಗಳು ರಿಮ್ಮಿನಿಂದ ಕಳಚಿ, ಬಿಚ್ಚಿ ಎಸೆದ ಷರಾಯಿಯ ಹಾಗೆ ಸುಕ್ಕುಗಟ್ಟಿದ್ದವು. ಹ್ಯಾಲ್ಟಿಯ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಆಚೆ ದಡದ ಕುರಿಗಳು ಮೇವು ಬಿಟ್ಟು ತಲೆಯೆತ್ತಿದವು. ಇದು ಉತ್ಪ್ರೇಕ್ಷೆ ಅನ್ನುವವರು ಆ ಕುರಿಗಳನ್ನೇ ಕೇಳಬಹುದು.

ಆ ಟೈರುಗಳನ್ನು ಆರಿಸಿ ಕೊಟ್ಟವನು ಅವನೇ. ಅದೂ ಹೋಗಲಿ ಎನ್ನಬಹುದಿತ್ತು. ಅದೇ ಲೋಡಿನಲ್ಲಿ ಬಂದ ಇನ್ನು ನಾಲ್ಕು ಟೈರುಗಳನ್ನು ಅವನು ಮಗಳು ಸಾಲ್ಕಾಳ ಟ್ರಕ್ಕಿಗೆ ಹಾಕಿದ್ದ. ಬೆಟ್ಟದ ಮೇಲಿನ ಫೋನ್ ಸಿಗ್ನಲ್ಲಿನ ಕಂಬ ಹಿಂದಿನ ಸಂಜೆ ಕೆಟ್ಟಿದ್ದರಿಂದ, ಅದನ್ನು ರಿಪೇರಿ ಮಾಡಲು ಅವಳು ಬೆಳಗಿನ ಐದಕ್ಕೇ ಪೂರ್ವದ ದಾರಿ ಹಿಡಿದು ಒಬ್ಬಳೇ ಹೊರಟುಹೋಗಿದ್ದಳು. ಕಂಬ ಕೆಟ್ಟಿದೆ ಎಂದ ಮೇಲೆ ಬೆಟ್ಟಕ್ಕೆ ಫೋನೂ ಇಲ್ಲ. ಆದರೂ ಹ್ಯಾಲ್ಟಿ ಹದಿನೇಳು ಸಲ ಕರೆ ಮಾಡಿದ. ನಂತರ ಈಜುಕೊಳದ ಕಡೆ ಓಡಿದ.

ಈಜುಕೊಳಕ್ಕೆ ಏಕೆಂದರೆ ಅಲ್ಲಿ ಹೆರ್ದೀಸ್ ಇದ್ದಳು. ಅರವತ್ನಾಲ್ಕು ವರ್ಷದ ಹೆರ್ದೀಸ್ ಕೊಳದ ಮೇಲ್ವಿಚಾರಕಿ. ಊರಿಗೆ ಒಬ್ಬಳೇ ಪತ್ತೇದಾರಿಣಿ. ನಾನೂರು ಜನರೂ ಬಟ್ಟೆ ಬಿಚ್ಚಿಟ್ಟು ಬಿಸಿನೀರಿನ ತೊಟ್ಟಿಗಿಳಿಯುವ ಊರಿನಲ್ಲಿ ಗುಟ್ಟು ಎಷ್ಟು ಹೊತ್ತು ಉಳಿದೀತು? ಇಪ್ಪತ್ತು ವರ್ಷಗಳಲ್ಲಿ ಅವಳಿಂದ ಬಿಡಿಸಲಾಗದೆ ಉಳಿದ ಒಗಟು ಒಂದೇ: ಗಂಡಸರ ಕೋಣೆಯಿಂದ ಎಡಗಾಲಿನ ಕಾಲುಚೀಲಗಳೇ ಯಾಕೆ ಕಳೆದುಹೋಗುತ್ತವೆ ಎಂಬುದು.

"ಹೆರ್ದೀಸ್, ನನ್ನ ಟೈರು ಕಳಚಿಬಿಟ್ಟಿವೆ," ಎಂದ ಹ್ಯಾಲ್ಟಿ, ಏದುಸಿರಿನಲ್ಲಿ. "ಸಾಲ್ಕಾ ಅದೇ ಟೈರಲ್ಲಿ ಬೆಟ್ಟದ ಮೇಲಿದ್ದಾಳೆ. ತಪ್ಪು ಟೈರಿಂದೇ ಆಗಿದ್ರೆ..."

"ಯಾರು ಓಡಿಸಿದ್ದು?"

"ಗೊತ್ತಿಲ್ಲ! ಯಾರೂ ಇಲ್ಲ! ನಾನು ಅವಳ ಹಿಂದೆ ಹೋಗ್ತೀನಿ."

"ಯಾವುದರಲ್ಲಿ? ನಿನ್ನ ಡಬ್ಬಾ ವ್ಯಾನಲ್ಲಾ? ಆಮೇಲೆ ನಿನ್ನನ್ನ ಹುಡುಕೋಕೆ ಇನ್ನೊಬ್ಬರು ಹೋಗಬೇಕು. ಮೊದಲು ಏನಾಗಿದೆ ನೋಡೋಣ, ಆಮೇಲೆ ಓಡುವೆಯಂತೆ." ಅವಳು ಕೊರಳಿನ ಸೀಟಿಯನ್ನೂ ತೆಗೆಯದೆ ರಬ್ಬರ್ ಬೂಟು ಮೆಟ್ಟಿ ಹೊರಟಳು.

ಮೇ ತಿಂಗಳ ಮೊದಲ ವಾರ. ಊರ ಸುತ್ತ ಹತ್ತು ಕಿಲೋಮೀಟರಿನವರೆಗೆ ಹಿಮದ ಚೂರೂ ಇಲ್ಲ, ಬರೀ ಕೆಸರು. ಮೇಲೆ ಬೆಟ್ಟದಲ್ಲಿ ಮಾತ್ರ ಸೊಂಟದಷ್ಟು ಹಿಮ. ಹಿಮವೂ ಕೆಸರೂ ಕೂಡುವ ಈ ಕಾಲಕ್ಕೆ ದಳದ ಟ್ರಕ್ಕಿಗೆ ಯಾವ ಟೈರು ಎಂಬ ಜಗಳ ಒಂದು ತಿಂಗಳಿಂದ ನಡೆದಿತ್ತು. ಎರಡು ಮದುವೆಗಳು ಮುಂದಕ್ಕೆ ಹೋದದ್ದೂ ಅದರಿಂದಲೇ ಎನ್ನುತ್ತಾರೆ. ಪಟ್ಟಣದ ವ್ಯಾಪಾರಿ ಸೋಲ್ವಿ ಹೇಳುತ್ತಿದ್ದದ್ದು ದೊಡ್ಡ ಹಲ್ಲಿನ ಕೆಸರು ಟೈರು. ಹ್ಯಾಲ್ಟಿಯದು ಎಲ್ಲ ನೆಲಕ್ಕೂ ಹೊಂದುವ ಮೆತ್ತನೆಯ ಟೈರು: ಗಾಳಿ ಇಳಿಸಿದರೆ ಹಿಮದ ಮೇಲೆ ರೊಟ್ಟಿಯಂತೆ ಹರಡಿಕೊಳ್ಳಬೇಕು, ಮಂಜುಗಡ್ಡೆ ಕಚ್ಚಲು ಮೈತುಂಬ ಸಣ್ಣ ಸೀಳುಗಳಿರಬೇಕು. ಆ ಸೀಳುಗಳನ್ನು ಅವನು ಒಂದೊಂದಾಗಿ ತನ್ನ ಕೈಯಾರೆ ಕೊಯ್ದಿದ್ದ. ನದಿಯ ಕಡೆಯ ಬೆಟ್ಟದ ದಾರಿಗೆ 'ಮುಚ್ಚಿದೆ' ಎಂದು ಹಲಗೆ ಹೊಡೆದಿದ್ದ, ದಾರಿಗಳ ಉಸ್ತುವಾರಿ ಸ್ಟೈನಾರ್ ಮಾತ್ರ, "ಟೈರು ಅಂದ್ರೆ ಟೈರು. ಓಡಿಸೋನಿಗೆ ಕೈ ಇದ್ರೆ ಮಾಮೂಲಿ ಟೈರೇ ಸಾಕು," ಎಂದು ಇಬ್ಬರನ್ನೂ ತಳ್ಳಿಹಾಕುತ್ತಿದ್ದ. ಅಂದು ಹತ್ತು ಗಂಟೆಗೆ ಎಲ್ಲರ ಮುಂದೆ ಆ ಟ್ರಕ್ಕಿನ ಪರೀಕ್ಷೆಯಾಗಿ ತೀರ್ಮಾನವಾಗಬೇಕಿತ್ತು.

ಹೆರ್ದೀಸ್ ಟ್ರಕ್ಕಿನ ಸುತ್ತ ಮೂರು ಸುತ್ತು ಹಾಕಿದಳು. ರಾತ್ರಿಯಿಡೀ ಸುರಿದ ಮಳೆ ಹೆಜ್ಜೆಗುರುತುಗಳನ್ನೆಲ್ಲ ತೊಳೆದಿತ್ತು.

"ನಿನ್ನೆ ಸಂಜೆ ಗಾಳಿ ಎಷ್ಟಿತ್ತು?"

"ನಾಲ್ಕಕ್ಕೂ ಇಪ್ಪತ್ತೆಂಟು ಪೌಂಡ್. ನಾನೇ ನೋಡಿ ಗೋಡೆ ಮೇಲೆ ಬರೆದಿದ್ದೀನಿ."

"ಹಿಂದಿನ ಟೈರು ಅಳೆ."

ಹ್ಯಾಲ್ಟಿ ಮಾಪಕ ಒತ್ತಿದ. ಎಡಕ್ಕೆ ನಾಲ್ಕು. ಬಲಕ್ಕೆ ನಾಲ್ಕು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ಸೋರ್ತಿವೆ! ನಾನು ತಂದಿದ್ದೇ ಕೆಟ್ಟ ಮಾಲು. ಅಯ್ಯೋ, ನನ್ನ ಮಗಳು..." ಎನ್ನುತ್ತ ಅವನು ಕೆಸರಿನಲ್ಲೇ ಕುಕ್ಕರಿಸಿದ.

ಹೆರ್ದೀಸ್ ಹಿಂದಿನ ರಿಮ್ಮಿನ ಒಳಗೆ ಕೈ ತೂರಿಸಿ ಮುಷ್ಟಿ ಗಾತ್ರದ ಗಡ್ಡೆಯೊಂದನ್ನು ಹೊರಗೆಳೆದಳು. ಬೂದುಬಣ್ಣದ, ಗಟ್ಟಿ ಕಲ್ಲಿನಂಥ ಮಂಜು. ಅದು ಅವಳ ಬೆರಳುಗಳ ನಡುವೆ ತೊಟ್ಟಿಕ್ಕತೊಡಗಿತು. ನಂತರ ಒಳಗೆ ಹತ್ತಿ ಬಿಸಿಗಾಳಿಯ ಗುಂಡಿ ನೋಡಿದಳು. ಪೂರ್ತಿ ಜೋರಿಗಿತ್ತು. ಗಾಜಿನ ಕಡೆಗಲ್ಲ, ಕೆಳಗೆ, ಕಾಲಿನ ಕಡೆಗೆ ತಿರುಗಿಸಿತ್ತು.

"ಎದ್ದೇಳೋ," ಎಂದಳು. "ಎಲ್ಲರೂ ತೊಟ್ಟಿಗೆ ಬಂದಿರ್ತಾರೆ."

ಎಂಟು ಗಂಟೆಯ ಹೊತ್ತಿಗೆ ನಲವತ್ತೆರಡು ಡಿಗ್ರಿಯ ತೊಟ್ಟಿ ಆವಿಯಲ್ಲಿ ಮುಳುಗಿತ್ತು. ಸೋಲ್ವಿ ಕೆನ್ನೆ ಕೆಂಪಾಗಿಸಿಕೊಂಡು ಒರಗಿದ್ದ. ಸುದ್ದಿ ಅವನಿಗೆ ಆಗಲೇ ತಲುಪಿತ್ತು.

"ಏನಪ್ಪಾ ಹ್ಯಾಲ್ಟಿ, ನಿನ್ನ ಟೈರು ಎಲ್ಲ ನೆಲಕ್ಕೂ ಆಗುತ್ತೆ ಅಂದಿದ್ದೆ. ರಿಮ್ಮಿಗೇ ಆಗ್ಲಿಲ್ವಲ್ಲೋ!"

"ಬಾಯ್ಮುಚ್ಚು ಸೋಲ್ವಿ. ಅದೇ ಟೈರಲ್ಲಿ ನನ್ನ ಮಗಳು ಕಂಬದ ಹತ್ತಿರ ಹೋಗಿದ್ದಾಳೆ."

ಎದುರಿಗೆ ಕುಳಿತಿದ್ದ ಗುನ್ವೊರ್ ತಟ್ಟನೆ ನೆಟ್ಟಗಾದಳು. ಅವಳು ರಕ್ಷಣಾ ದಳದ ಮುಖ್ಯಸ್ಥೆ, ಸ್ಟೈನಾರನ ಹೆಂಡತಿ. ಬಿರುಗಾಳಿಯನ್ನೇ ಸಾಲಿನಲ್ಲಿ ನಿಲ್ಲಿಸಬಲ್ಲಳು ಎಂಬ ಖ್ಯಾತಿಯವಳು. "ಕಂಬಕ್ಕಾ? ಇವತ್ತೇನಾ?" ಎಂದಳು. ಅವಳ ಕಣ್ಣುಗಳು ನಿದ್ದೆಯಿಲ್ಲದೆ ಊದಿದ್ದವು.

"ಐದಕ್ಕೇ ಹೋದ್ಲು. ಯಾಕೆ?"

"ಏನಿಲ್ಲ," ಎಂದು ಗುನ್ವೊರ್ ನೀರಿನೊಳಗೆ ಗಲ್ಲದವರೆಗೆ ಇಳಿದಳು.

ಹೆರ್ದೀಸಳ ಕಣ್ಣು ಮಾತ್ರ ಪಕ್ಕದ ಮಕ್ಕಳ ತೊಟ್ಟಿಯ ಮೇಲಿತ್ತು. ಅಲ್ಲಿ, ಉಗುರುಬೆಚ್ಚನೆಯ ನೀರಿನಲ್ಲಿ, ಎರಡು ಪ್ಲಾಸ್ಟಿಕ್ ಬಾತುಕೋಳಿಗಳ ನಡುವೆ ಆರಡಿ ಮೂರಂಗುಲದ ಸ್ಟೈನಾರ್ ಗಂಭೀರವಾಗಿ ಕುಳಿತಿದ್ದ.

"ಏನು ಸ್ಟೈನಾರ್, ದಾರಿ ತಪ್ಪಿ ಆ ಕಡೆ ಹೋದ್ಯಾ?"

"ಬಿಪಿ ಕಣೇ. ಡಾಕ್ಟರು ಬಿಸಿನೀರು ಬೇಡ ಅಂದಿದ್ದಾರೆ."

"ಇಪ್ಪತ್ತೆರಡು ವರ್ಷದಿಂದ ನೀನು ಕೂತ ಜಾಗ ಈ ಬಿಸಿ ತೊಟ್ಟೀಲಿ ಸವೆದು ಗುಳಿ ಬಿದ್ದಿದೆ. ಒಂದೇ ರಾತ್ರೀಲಿ ಬಿಪಿ ಬಂತು ಅನ್ನು."

ಅವಳು ಸೀಟಿ ಊದಿದಳು. ಆ ಸೀಟಿಗೆ ಬಂದರಿನ ಹಡಗುಗಳೂ ನಿಂತುಬಿಡುತ್ತಿದ್ದವು. ತೊಟ್ಟಿಯ ಮಾತು ನಿಲ್ಲುವುದೇನು ದೊಡ್ಡದು? ಹ್ಯಾಲ್ಟಿ ಮಾತ್ರ ಬಟ್ಟೆ ತೊಟ್ಟೇ ಅಂಚಿನಲ್ಲಿ ನಿಂತು ಫೋನಿನ ಪರದೆ ಒರೆಸುತ್ತಿದ್ದ. ಅವನಿಗೆ ಯಾರು ಕಳ್ಳ ಎಂಬುದು ಬೇಕಿರಲಿಲ್ಲ. ಟೈರಿನ ತಪ್ಪೇ ಅಲ್ಲವೇ, ಅಷ್ಟೇ ಬೇಕಿತ್ತು.

"ಹಿಂದಿನ ಎರಡು ಟೈರಲ್ಲೂ ಸರಿಯಾಗಿ ನಾಲ್ಕು ಪೌಂಡ್ ಗಾಳಿ ಇತ್ತು," ಹೆರ್ದೀಸ್ ಶುರುಮಾಡಿದಳು. "ಸೋರೋ ಟೈರು ಒಂದರ ಮುಖ ಇನ್ನೊಂದು ನೋಡ್ಕೊಂಡು ಸೋರಲ್ಲ. ಯಾರೋ ಅಳೆದು ಇಳಿಸಿದ್ದಾರೆ. ನಾಲ್ಕು ಪೌಂಡಿಗೆ ಯಾವಾಗ ಇಳಿಸ್ತೀವಿ, ಹ್ಯಾಲ್ಟಿ?"

"ಆಳದ ಹಿಮಕ್ಕೆ. ಅಷ್ಟು ಕಮ್ಮಿ ಕೆಸರಿಗೆ ಯಾರೂ ಇಳಿಸಲ್ಲ, ತಿರುವಲ್ಲಿ ರಿಮ್ಮು ಬಿಟ್ಟು..." ಹ್ಯಾಲ್ಟಿ ಅಲ್ಲೇ ತಡೆದ. ಬೆಳಗಿನಿಂದ ಮೊದಲ ಸಲ ಅವನಿಗೆ ಪೂರ್ತಿ ಉಸಿರು ಸಿಕ್ಕಿತು. "ಬಿಟ್ಟು ಕಳಚಿಕೊಳ್ಳುತ್ತೆ."

"ಅಂದ್ರೆ ಟ್ರಕ್ಕು ಬೆಟ್ಟ ಹತ್ತಿತ್ತು. ರಿಮ್ಮಿನೊಳಗೆ ಮಂಜುಗಡ್ಡೇನೂ ಇತ್ತು. ಮೇಲೆ ಹೋಗಿ ಬಂದ ಟೈರು ಕೆಟ್ಟಿದ್ದಲ್ಲ. ಗಾಳಿ ತುಂಬಿಸದೆ ಕೆಸರಿಗೆ ಇಳಿಸಿದವರದ್ದು ತಪ್ಪು."

"ಸೋಲ್ವಿ ಇರಬೇಕು," ಎಂದಿತು ಆವಿಯೊಳಗಿಂದ ಒಂದು ದನಿ.

"ನಾನಾ?" ಸೋಲ್ವಿ ಅರ್ಧ ಎದ್ದ.

"ಕೂತ್ಕೊ, ನೋಡೋಕೆ ಚೆನ್ನಾಗಿಲ್ಲ. ಸೋಲ್ವಿಗೆ ಬೇಕಿದ್ದಿದ್ದು ಹತ್ತು ಗಂಟೆಗೆ ನಿಮ್ಮೆಲ್ಲರ ಕಣ್ಣೆದುರಿಗೆ ಈ ಟೈರು ಸೋಲೋದು. ಯಾರೂ ಇಲ್ಲದಾಗ ಕೆಡಿಸಿ ಏನು ಲಾಭ? ಅಲ್ಲದೆ ರಾತ್ರಿ ಬೆಟ್ಟ ಹತ್ತೋ ಗಂಡಸಾ ಇವನು? ನಿನ್ನೆ ಹೋಟೆಲಿನ ಅಂಗಳದಲ್ಲೇ ಕಾರು ಹೂತುಹಾಕಿ ಮೂರು ಜನರ ಹತ್ತಿರ ತಳ್ಳಿಸ್ಕೊಂಡ."

ಎಲ್ಲರೂ ನಕ್ಕರು. ಗುನ್ವೊರ್ ನಗಲಿಲ್ಲ.

"ಓಡಿಸಿದವರು ಹಿಮ ಬಲ್ಲವರು. ಅಂಥವರು ಹಿಮದ ಅಂಚಿನಲ್ಲಿ ನಿಂತು ಇಪ್ಪತ್ತು ನಿಮಿಷ ಗಾಳಿ ತುಂಬಿಸದೆ ಕೆಳಗಿಳಿಯಲ್ಲ. ಹಲ್ಲುಜ್ಜಿದಷ್ಟೇ ರೂಢಿ ಅದು. ಹಾಗಾದ್ರೆ ಯಾಕೆ ನಿಲ್ಲಲಿಲ್ಲ? ಪಕ್ಕದ ಸೀಟಲ್ಲಿ ಇಪ್ಪತ್ತು ನಿಮಿಷ ಕಾಯೋಕಾಗದ ಯಾರೋ ಇದ್ದರು. ಬಿಸಿಗಾಳಿ ಪೂರ್ತಿ ಕಾಲಿನ ಕಡೆಗಿತ್ತು. ಸುರಿಯೋ ಮಳೇಲಿ ಗಾಜು ಮಬ್ಬಾದರೂ ಪರವಾಗಿಲ್ಲ, ಆ ಕಾಲು ಉಳಿದರೆ ಸಾಕು ಅಂತ ಓಡಿಸಿದ್ದಾರೆ. ಮರಗಟ್ಟಿದ ಕಾಲು."

ಅವಳು ಮಕ್ಕಳ ತೊಟ್ಟಿಯ ಕಡೆ ತಿರುಗಿದಳು.

"ಯಾರನ್ನೋ ಕಾಪಾಡಿದ್ದಾರೆ, ಆದ್ರೆ ದಳಕ್ಕೆ ಹೇಳಿಲ್ಲ. ಅಂದ್ರೆ ಅವನು ಬೆಟ್ಟಕ್ಕೆ ಹೋಗಿದ್ದೇ ಗೊತ್ತಾಗಬಾರದಿತ್ತು. 'ದಾರಿ ಮುಚ್ಚಿದೆ' ಅಂತ ಹಲಗೆ ಹೊಡೆದವನೇ ಆ ಹಲಗೆ ದಾಟಿ, ಮಾಮೂಲಿ ಟೈರಲ್ಲೇ ಹತ್ತಿ ತೋರಿಸ್ತೀನಿ ಅಂತ ಹೋಗಿ ಹೂತುಕೊಂಡಿದ್ದರೆ? ರಾತ್ರಿ ಅವನು ಬರಲಿಲ್ಲ ಅಂತ ಹುಡುಕಿಹೊರಟ ಹೆಂಡತಿ ಹತ್ತಿರ ದಳದ ಟ್ರಕ್ಕಿನ ಬೀಗದ ಕೈ ಇದ್ದರೆ? ಮರಗಟ್ಟಿದ ಕಾಲನ್ನ ಬಿಸಿನೀರಿಗೆ ಇಟ್ಟರೆ ಪ್ರಾಣ ಹೋದಷ್ಟು ಉರಿಯುತ್ತೆ, ಸ್ಟೈನಾರ್. ಬಾತುಕೋಳಿ ಜೊತೆ ಕೂತಿರೋದು ಅದಕ್ಕೇ."

ಸ್ಟೈನಾರನ ಮುಖ ಕಲ್ಲಾಯಿತು. "ಕತೆ ಚೆನ್ನಾಗಿದೆ. ಸಾಕ್ಷಿ? ನನ್ನ ಜೀಪು ನನ್ನ ಗ್ಯಾರೇಜಲ್ಲಿದೆ."

"ನೋಡ್ಕೊಂಡು ಬರೋಣ್ವಾ?"

"ನನ್ನ ಗ್ಯಾರೇಜಿನ ಬಾಗಿಲು ನಿನ್ನ ಸೀಟಿಗೆ ತೆಗೆಯಲ್ಲ."

"ಸ್ಟೈನಾರ್," ಎಂದಳು ಗುನ್ವೊರ್ ಮೆಲ್ಲಗೆ. "ಸಾಕು."

ಅಷ್ಟರಲ್ಲಿ ಕಚೇರಿಯ ಫೋನು ಬಡಿದುಕೊಂಡಿತು. ಹೆರ್ದೀಸ್ ಒಳಗೋಡಿ ಅದನ್ನು ಕೈಯಲ್ಲಿ ಹಿಡಿದೇ ಬಂದಳು, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

"ಹೆರ್ದೀಸ್, ನಾನು ಸಾಲ್ಕಾ! ಕಂಬ ಈಗ ಸರಿಯಾಯ್ತು. ಅಪ್ಪನ ಫೋನು ಎಂಗೇಜು, ಅಲ್ಲಿದ್ದಾರಾ?" ಆ ಕಡೆ ಗಾಳಿ ಊಳಿಡುತ್ತಿತ್ತು. ಹದಿನೆಂಟನೆಯ ಸಲ ಮಗಳಿಗೇ ಕರೆ ಮಾಡುತ್ತಿದ್ದ ಹ್ಯಾಲ್ಟಿ ಫೋನನ್ನು ಕಿವಿಯಿಂದ ಇಳಿಸಿದ. "ಇಲ್ಲಿ, ನದಿ ದಾರಿ ಬಂದು ಸೇರೋ ಕಡೆ, ಒಂದು ಜೀಪು ಕಿಟಕಿವರೆಗೂ ಹಿಮದಲ್ಲಿ ಹೂತುಹೋಗಿದೆ. ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ! ಹತ್ತಡಿ ಮುಂದೆ ಏನೂ ಕಾಣಿಸ್ತಿಲ್ಲ. ಯಾರೋ ನಡ್ಕೊಂಡು ಹೋಗಿ ಬಿದ್ದಿರಬೇಕು. ನಾನು ಇಳಿದು ಹುಡುಕ್ತೀನಿ. ದಳ ಕಳಿಸಿ!"

"ಸಾಲ್ಕಾ, ಇಳೀಬೇಡ!" ಹ್ಯಾಲ್ಟಿ ಕೂಗಿದ.

"ಅಪ್ಪಾ, ಒಬ್ಬ ಮನುಷ್ಯ ಸಾಯ್ತಿದ್ದಾನೆ! ಬಾಗಿಲು ತೆಗೆದೆ, ಹಗ್ಗ ಕಟ್ಕೊತಿದ್ದೀನಿ..."

ಯಾರೂ ಸ್ಟೈನಾರನ ಕಡೆ ನೋಡಲಿಲ್ಲ, ಎಲ್ಲರೂ ಅವನನ್ನೇ ಕಾಯುತ್ತಿದ್ದರು. ನೀರು ಸುರಿಸುತ್ತ ಅವನು ಎದ್ದ. ಹಳದಿಗಟ್ಟಿದ ಕಾಲ್ಬೆರಳುಗಳ ಮೇಲೆ ಎರಡು ಹೆಜ್ಜೆ ಕುಂಟಿ ಬಂದು ಫೋನಿಗೆ ಬಾಗಿದ.

"ಸಾಲ್ಕಾ, ನಾನು ಸ್ಟೈನಾರ್. ಅದು ನನ್ನ ಜೀಪು. ಅದರಲ್ಲಿದ್ದವನು ಇಲ್ಲಿ ಮಕ್ಕಳ ತೊಟ್ಟೀಲಿದ್ದಾನೆ. ಬಾಗಿಲು ಹಾಕ್ಕೊ, ಮಗಳೇ. ಎಲ್ಲೂ ಇಳೀಬೇಡ."

ಆ ಕಡೆ ಬಾಗಿಲು ಬಡಿದ ಸದ್ದು ಕೇಳಿತು.

"ಮಕ್ಕಳ ತೊಟ್ಟೀಲಾ?" ಎಂದಳು ಸಾಲ್ಕಾ.

ಗುನ್ವೊರ್ ಹ್ಯಾಲ್ಟಿಯ ಮುಖ ನೋಡಲಾರದೆ ನೀರು ನೋಡುತ್ತ ಹೇಳಿದಳು: "ಜೀಪು ಕೆಳಗೆ ತರೋ ತನಕ, ಸಂಜೆವರೆಗೆ, ನಿನ್ನ ಟೈರು ತಪ್ಪು ಹೊತ್ಕೊಳ್ಳಲಿ ಅಂದ್ಕೊಂಡೆ. ಸಾಲ್ಕಾ ಅದರಲ್ಲೇ ಹೋಗಿದ್ದಾಳೆ ಅಂತ ಗೊತ್ತಿರಲಿಲ್ಲ ಕಣೋ."

ಹ್ಯಾಲ್ಟಿ ಹೆರ್ದೀಸಳ ಕೈಯಿಂದ ಫೋನು ತೆಗೆದುಕೊಂಡ. ಮೂವತ್ತು ವರ್ಷ ಟ್ರಕ್ಕಿನ ಚಕ್ರಗಳನ್ನು ತಟ್ಟೆಯ ಹಾಗೆ ಎತ್ತಿದ ಆ ಕೈಗಳು ಎರಡೂ ಸೇರಿ ಆ ಪುಟ್ಟ ಫೋನನ್ನು ಬಾಯಿಯ ಹತ್ತಿರ ಹಿಡಿದವು.

"ಸಾಲ್ಕಾ. ಟೈರು ಹೇಗಿವೆ?"

"ಟೈರಾ? ಚೆನ್ನಾಗಿವೆ. ಯಾಕೆ?"

"ಏನಿಲ್ಲ," ಎಂದ ಹ್ಯಾಲ್ಟಿ. "ಸುಮ್ಮನೆ ಕೇಳಿದೆ."